ಬಡೋದೆಗೆ ಬಂದ ಮೈಸೂರಿನ ಪಾಠ
(ಉಸ್ತಾದ್ ಮೌಲಾಬಕ್ಷರ ವಿಷಯವಾಗಿ ಒಂದು ಅಭ್ಯಾಸ ಲೇಖನ)

ವಡೋದರೆಯ ಹಳೆಯ ಊರಿನಲ್ಲಿ ಸುರಸಾಗರವೆಂಬ ಕೆರೆಯಿದೆ. ಕೆರೆಯ ನಡುವೆ ನಿಂತಿರುವ ಶಿವನ ಬೃಹತ್ ವಿಗ್ರಹವನ್ನು ನೋಡದ ಕನ್ನಡಿಗರು ಈ ಊರಿನಲ್ಲಿ ವಿರಳ. ಅದೇ ಕೆರೆಯ ದಂಡೆಯ ಸಂಗೀತ ಕಾಲೇಜನ್ನು ಮಾತ್ರ ನಮ್ಮಲ್ಲಿ ಅನೇಕರು ದಿನವೂ ದಾಟಿಹೋದರೂ ಗಮನಿಸಿರಲಾರರು. ಇಂದು ಅದು ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಒಂದು ವಿಭಾಗ. ೧೮೮೬ರಲ್ಲಿ ಅದು ಹುಟ್ಟಿದಾಗ ಅದರ ಹೆಸರು ಗಾಯನಶಾಲೆ. ಅದನ್ನು ಕಟ್ಟಿ ನಡೆಸಿದವರು ಉಸ್ತಾದ್ ಮೌಲಾಬಕ್ಷರು. ಇವರು ಉತ್ತರ ದೇಶದ ಗಾಯಕರು. ಆದರೆ ಇವರ ಬಾಳಿನ ದಿಕ್ಕು ತಿರುಗಿದ್ದು ನಮ್ಮ ಮೈಸೂರಿನಲ್ಲಿ. ಆದುದರಿಂದ ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರು ಇವರ ಕಥೆಯನ್ನು ಅರಿತಿರುವುದು ಉಚಿತವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆದಿದೆ.

ಒಂದು ನುಡಿಯವರ ಹಾಡು ಮತ್ತೊಂದು ನುಡಿಯವರ ಬಾಯಿಗೆ ಹೇಗೆ ದಾಟುತ್ತದೆ ಎಂಬುದು ಇಲ್ಲಿನ ಮೂಲ ಪ್ರಶ್ನೆ. ಇದಕ್ಕೆ ದೂರದೇಶದ ಒಂದು ಉದಾಹರಣೆಯನ್ನು ಮೊದಲು ನೋಡೋಣ. ಜಮೈಕಾ ದ್ವೀಪದಲ್ಲಿ ೧೯೬೦ರ ದಶಕದ ಕೊನೆಗೆ ರೆಗೆ ಎಂಬ ಸಂಗೀತ ಹುಟ್ಟಿತು. ಅಲ್ಲಿನವರ ಮಾತು ಇಂಗ್ಲಿಷಿನ ಒಂದು ಬಗೆ. ಆದರೆ ಜಮೈಕಾ, ಬಾರ್ಬಡೋಸ್ ಮೊದಲಾದ ದ್ವೀಪಗಳ ಸಾವಿರಾರು ಕೂಲಿಗಳು ಅದಕ್ಕೂ ಬಹಳ ಹಿಂದೆಯೇ ಪನಾಮಾ ಕಾಲುವೆಯನ್ನು ಅಗೆಯಲು ಹೋಗಿದ್ದರು. ೧೮೮೦ರ ದಶಕದಲ್ಲಿ ಫ್ರೆಂಚರ ಕೆಲಸಕ್ಕೆ ಕೆಲವರು, ೧೯೦೪ರಿಂದ ೧೯೧೪ರವರೆಗೆ ಅಮೆರಿಕನ್ನರ ಕೆಲಸಕ್ಕೆ ಇನ್ನೂ ಅನೇಕರು ಹೋದರು. ಬಹಳ ಮಂದಿ ಅಲ್ಲಿಯೇ ಉಳಿದುಬಿಟ್ಟರು. ಅವರ ಮೊಮ್ಮಕ್ಕಳು ಮನೆಯಲ್ಲಿ ಅಜ್ಜಿಯ ಮಾತನ್ನೂ ಬೀದಿಯಲ್ಲಿ ಸ್ಪ್ಯಾನಿಷ್ ಮಾತನ್ನೂ ಆಡುತ್ತ ಬೆಳೆದವರು. ಜಮೈಕಾದ ಹಾಡು ಪನಾಮಾಕ್ಕೆ ಬಂದಾಗ ಅದೇ ತಾಳಕ್ಕೆ ಸ್ಪ್ಯಾನಿಷ್ ಮಾತನ್ನು ಕೂಡಿಸಿದವರು ಇವರೇ. ರೆನಾಟೊ, ನ್ಯಾಂಡೊ ಬೂಮ್ ಎಂಬುವರು ಮೊದಲಿಗರಲ್ಲಿ ಸೇರಿದವರು. ಅವರ ನಂತರ ‘ಎಲ್ ಜೆನೆರಾಲ್’ ಎಂಬ ಹೆಸರಿನಿಂದ ಹಾಡಿದ ಎಡ್ಗಾರ್ಡೊ ಫ್ರಾಂಕೊ ನ್ಯೂಯಾರ್ಕಿಗೆ ಹೋಗಿ, ೧೯೯೦ರ ಆಸುಪಾಸಿನಲ್ಲಿ ಆ ಬಗೆಯ ಹಾಡುಗಳನ್ನು ಇಡೀ ಲ್ಯಾಟಿನ್ ಅಮೆರಿಕಕ್ಕೆ ಕೇಳಿಸಿದರು. ಮುಂದೆ ಪೋರ್ಟೊರಿಕೊದಲ್ಲಿ ಇದರಿಂದಲೇ ರೆಗೆಟಾನ್ ಎಂಬುದು ಬೆಳೆದು ಲೋಕವನ್ನೆಲ್ಲ ಸುತ್ತಿತು. ಹಾಡು ದಾಟುವುದಕ್ಕೆ ಎರಡು ಮಾತು ಬಲ್ಲ ಮನೆಯೊಂದು ಬೇಕು ಎಂಬುದನ್ನು ಇಲ್ಲಿ ಗಮನಿಸಬೇಕು. ಹೊರನಾಡಿನಲ್ಲಿರುವ ನಮ್ಮ ಮನೆಗಳೂ ಅಂತಹವೇ ಅಲ್ಲವೆ?

(ಆಫ್ರಿಕದ ತಾಳ ನಮ್ಮ ನಾಡಿಗೂ ಹೊಸದಲ್ಲ. ಭರೂಚ್ ಜಿಲ್ಲೆಯ ರತನಪುರದಲ್ಲಿ ಬಾವಾ ಗೋರ್ ದರ್ಗಾದ ಸಿದ್ದಿಗಳು ಗುಜರಾತಿಯಾಡುತ್ತ ಧಮಾಲ್ ಕುಣಿಯುತ್ತಾರೆ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳು ಡಮಾಮಿ ಬಾರಿಸಿ ಕೊಂಕಣಿ, ಕನ್ನಡಗಳಲ್ಲಿ ಹಾಡುತ್ತಾರೆ. ಅದು ಬೇರೆಯೇ ಒಂದು ಲೇಖನಕ್ಕೆ ತಕ್ಕ ವಿಷಯ.)

ಈಗ ಮೌಲಾಬಕ್ಷರ ಕಡೆಗೆ ಬರೋಣ. ಇವರು ಹುಟ್ಟಿದ್ದು ೧೮೩೩ರಲ್ಲಿ. ಮೊದಲ ಹೆಸರು ಚೋಲೆ ಖಾನ್. ಫಕೀರರೊಬ್ಬರು ಇವರ ಹಾಡು ಕೇಳಿ ಸಂತೋಷಪಟ್ಟು, ‘ದೇವರು ಕೊಟ್ಟವನು’ ಎಂಬ ಅರ್ಥದ ಮೌಲಾಬಕ್ಷ ಎಂಬ ಹೆಸರನ್ನಿಟ್ಟರೆಂದು ಮನೆತನದವರು ಹೇಳುತ್ತ ಬಂದಿದ್ದಾರೆ. ಅವರೇ ಹೇಳುವ ಇನ್ನೊಂದು ಕಥೆ ಹೆಚ್ಚು ಮುಖ್ಯವಾದದ್ದು. ಘಸೀಟ್ ಖಾನ್ ಎಂಬ ಹಿರಿಯ ಗಾಯಕರು ಯಾರಿಗೂ ವಿದ್ಯೆಯನ್ನು ಹೇಳಿಕೊಡುತ್ತಿರಲಿಲ್ಲವಂತೆ. ತರುಣ ಮೌಲಾಬಕ್ಷರು ಆ ಮನೆಯ ಬಾಗಿಲು ಕಾಯುವವನ ಸ್ನೇಹ ಬೆಳೆಸಿ, ರಾತ್ರಿಯ ವೇಳೆ ಗುರುಗಳ ಸಾಧನೆಯನ್ನು ಮರೆಯಲ್ಲಿ ನಿಂತು ಕೇಳಿ, ಮನೆಗೆ ಬಂದು ಅದನ್ನೇ ಅಭ್ಯಾಸ ಮಾಡುತ್ತಿದ್ದರು. ಕೊನೆಗೆ ವಿಷಯ ತಿಳಿದ ಗುರುಗಳು ಇವರ ಕಂಠವನ್ನು ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಕಥೆಯಲ್ಲಿ ಬಣ್ಣವೆಷ್ಟು, ನಿಜವೆಷ್ಟು ಎಂದು ತೂಗುವ ಅಗತ್ಯವಿಲ್ಲ. ಅಂದಿನ ಘರಾನೆಗಳಲ್ಲಿ ವಿದ್ಯೆಯು ಮನೆಯ ಒಡವೆಯಂತೆ ಪೆಟ್ಟಿಗೆಯಲ್ಲಿರುತ್ತಿತ್ತು ಎಂಬುದಂತೂ ನಿಜ. ಒಂದೊಂದು ಅಪರೂಪದ ಚೀಜನ್ನು ಮಗಳ ಮದುವೆಯಲ್ಲಿ ಅಳಿಯನಿಗೆ ಉಡುಗೊರೆಯಾಗಿ ಕೊಡುತ್ತಿದ್ದರೆಂದು ಹೇಳುವುದುಂಟು. ಮರೆಯಲ್ಲಿ ನಿಂತು ಕಲಿತ ಈ ಹುಡುಗನೇ ಮುಂದೆ ಬಾಗಿಲು ತೆರೆದಿಟ್ಟ ಶಾಲೆಯೊಂದನ್ನು ಕಟ್ಟಿದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹೆಸರಾದ ಗಾಯಕರಾಗಿ ಅವರು ದಕ್ಷಿಣಕ್ಕೆ ಹೊರಟು ಮೈಸೂರಿಗೆ ಬಂದರು. ಆಗ ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ೧೮೩೧ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರಷ್ಟೆ. ದೊರೆಗೆ ಉಳಿದದ್ದು ಅರಮನೆ ಮತ್ತು ಆಸ್ಥಾನ. ೧೮೬೮ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ದೊರೆತನವನ್ನೆಲ್ಲ ವಿದ್ಯೆ, ಸಂಗೀತ, ಚಿತ್ರ, ಚದುರಂಗಗಳಲ್ಲಿ ನಡೆಸಿದರು ಎನ್ನಬಹುದು. ರಾಜ್ಯ ಹೋದದ್ದರಿಂದ ಕಲೆಗೆ ಬಂದ ಲಾಭ ಇದು. ಸಮಾಧಾನಪಡಬೇಕೋ ವ್ಯಸನಪಡಬೇಕೋ ತಿಳಿಯದು.

ಆ ಸಭೆಯಲ್ಲಿ ಮೌಲಾಬಕ್ಷರು ಹಾಡಿ ಮೆಚ್ಚುಗೆ ಪಡೆದರೂ, ದಕ್ಷಿಣದ ವಿದ್ವಾಂಸರ ಶಾಸ್ತ್ರಜ್ಞಾನದ ಮುಂದೆ ತಮ್ಮ ವಿದ್ಯೆ ಅರ್ಧವೆಂದು ಅವರಿಗೆ ತೋರಿತಂತೆ. ಕಂಠವಿದೆ, ರಾಗವಿದೆ, ಆದರೆ ಈ ರಾಗ ಯಾವ ಮೇಳಕ್ಕೆ ಸೇರಿತು, ಈ ತಾಳದ ಅಂಗಗಳೇನು ಎಂದು ಕೇಳಿದರೆ ಕ್ರಮವಾಗಿ ಹೇಳುವ ಪದ್ಧತಿ ಅವರ ಕಡೆ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೊಟ್ಟ ಶಾಲನ್ನು ಹೊದ್ದು ಊರಿಗೆ ಹೊರಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ದಕ್ಷಿಣದಲ್ಲಿಯೇ ನಿಂತು, ಪ್ರಾಯ ಮೂವತ್ತು ಕಳೆದ ಮೇಲೆ, ಬ್ರಾಹ್ಮಣ ಗುರುಗಳ ಬಳಿ ಕರ್ನಾಟಕ ಸಂಗೀತವನ್ನು ಮೊದಲಿಂದ ಕಲಿತರು. ಉತ್ತರದ ಮುಸಲ್ಮಾನ ಉಸ್ತಾದರೊಬ್ಬರು ಆ ಕಾಲದಲ್ಲಿ ಹೀಗೆ ಶಿಷ್ಯರಾಗಿ ಕೂತದ್ದೂ, ಗುರುಗಳು ಕೂರಿಸಿಕೊಂಡದ್ದೂ ಎರಡೂ ದೊಡ್ಡ ಮಾತೇ. ಆನಂತರ ಮೈಸೂರಿನ ದೊರೆಗಳು ಅವರಿಗೆ ಛತ್ರ, ಚಾಮರ, ಕಲ್ಗಿ, ಸರ್ಪೇಚುಗಳ ರಾಜಮರ್ಯಾದೆಯನ್ನು ದಯಪಾಲಿಸಿದರು. ಅವರ ಪತ್ನಿ ಕಾಸಿಂಬೀಯವರು ಟೀಪೂ ಸುಲ್ತಾನರ ಸಂತತಿಯವರೆಂಬುದು ಮನೆತನದಲ್ಲಿ ನಡೆದುಬಂದ ಹೇಳಿಕೆ.

ದಕ್ಷಿಣದಲ್ಲಿ ಅವರಿಗೆ ದೊರೆತದ್ದು ಏನು? ಇಲ್ಲಿ ಸ್ವಲ್ಪ ನಿಲ್ಲಬೇಕು. ಕೃತಿಗಳು ದೊರೆತವು, ರಾಗಗಳು ದೊರೆತವು ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಅದಕ್ಕಿಂತ ಹೆಚ್ಚಿನದು ಪಾಠಕ್ರಮ. ನಮ್ಮ ಮಕ್ಕಳು ಸಂಗೀತ ಆರಂಭಿಸುವಾಗ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಆಮೇಲೆ ಜಂಟಿ ವರಸೆ, ದಾಟು ವರಸೆ, ಏಳು ತಾಳಗಳ ಅಲಂಕಾರ, ಅನಂತರ ಗೀತೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ನಮ್ಮ ಹಿರಿಯರು ನಂಬಿದ್ದಾರೆ. ಅದಕ್ಕಾಗಿಯೇ ಅವರನ್ನು ಸಂಗೀತ ಪಿತಾಮಹರೆಂದು ಕರೆಯುವುದು. ಗುರು ಯಾರೇ ಆಗಲಿ, ಊರು ತಂಜಾವೂರೇ ಆಗಲಿ ಮೈಸೂರೇ ಆಗಲಿ, ಮೊದಲ ಪಾಠ ಒಂದೇ. ಇದರ ಬೆನ್ನಿಗೆ ೭೨ ಮೇಳಕರ್ತ ರಾಗಗಳ ಲೆಕ್ಕ. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ಚತುರ್ದಂಡೀಪ್ರಕಾಶಿಕೆಯನ್ನು ಬರೆದು ಈ ಲೆಕ್ಕವನ್ನು ತೋರಿಸಿದ ವೆಂಕಟಮಖಿಯು ಗೋವಿಂದ ದೀಕ್ಷಿತರ ಮಗ. ದೀಕ್ಷಿತರ ಮನೆಮಾತು ಕನ್ನಡ. ಸಪ್ತಸ್ವರಗಳಲ್ಲಿ ಷಡ್ಜ ಪಂಚಮಗಳು ಅಚಲ. ಮಧ್ಯಮ ಎರಡು ಬಗೆ. ಉಳಿದ ಸ್ವರಗಳ ಬಗೆಗಳನ್ನು ಕೂಡಿಸಿದರೆ ಪ್ರತಿ ಮಧ್ಯಮಕ್ಕೆ ೩೬ರಂತೆ ೭೨. ಲೆಕ್ಕ ಬಲ್ಲ ವಿದ್ಯಾರ್ಥಿಯು ತಾನು ಕೇಳದ ರಾಗದ ಸ್ವರಗಳನ್ನೂ ಹೇಳಬಲ್ಲನು. ಗುರುವಿನ ಮುಖವನ್ನೇ ನೋಡುತ್ತ ವರ್ಷಗಟ್ಟಲೆ ಕಾಯುವ ಪದ್ಧತಿಯಿಂದ ಬಂದ ಮೌಲಾಬಕ್ಷರಿಗೆ ಇದು ಎಂತಹ ಬೆಳಕಾಗಿ ಕಂಡಿರಬೇಕೆಂದು ಊಹಿಸಬಹುದು.

ಪನಾಮಾದ ಹಾಡುಗಾರರಿಗೂ ಇವರಿಗೂ ಇರುವ ಭೇದ ಇಲ್ಲಿಯೇ. ಅವರು ತಾಳವನ್ನು ಉಳಿಸಿಕೊಂಡು ಮಾತನ್ನು ಬದಲಿಸಿದರು. ಮೌಲಾಬಕ್ಷರು ದಕ್ಷಿಣದ ಹಾಡನ್ನು ಹಾಗೆಯೇ ಉತ್ತರಕ್ಕೆ ಸಾಗಿಸಲಿಲ್ಲ; ಕಲಿಸುವ ರೀತಿಯನ್ನು ಸಾಗಿಸಿದರು. ಹಾಡನ್ನು ಒಯ್ದವರಿಗೆ ಹೆಸರು ಬೇಗ ಬರುತ್ತದೆ. ಪಾಠವನ್ನು ಒಯ್ದವರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಬಡೋದೆಯಲ್ಲಿ ಸಯಾಜಿರಾವ್ ಗಾಯಕವಾಡರು ೧೮೭೫ರಲ್ಲಿ ಬಾಲಕರಾಗಿ ಗಾದಿಗೆ ಬಂದು ೧೮೮೧ರಲ್ಲಿ ಪೂರ್ಣಾಧಿಕಾರ ಪಡೆದರು. ಪ್ರಾಥಮಿಕ ವಿದ್ಯಾಭ್ಯಾಸ, ಪುಸ್ತಕಾಲಯಗಳು ಮುಂತಾದ ಎಲ್ಲದರಲ್ಲೂ ಒಂದು ವ್ಯವಸ್ಥೆ ಇರಬೇಕೆಂಬುದು ಅವರ ಹಟ. ನಮ್ಮ ಉಚಿತ ವಾಚನಾಲಯದಂತಹವಕ್ಕೂ ಈ ನಾಡಿನಲ್ಲಿ ದಾರಿ ಹಾಕಿದವರು ಅವರೇ ಎಂದು ನೆನೆಯಬೇಕು. ಆಸ್ಥಾನದ ಕಲಾವಿದರನ್ನೂ ಅವರು ಬಿಡಲಿಲ್ಲ; ಕಲಾವಂತ ಖಾತೆ ಎಂಬ ಇಲಾಖೆಯನ್ನಿಟ್ಟು ಯಾರು ಎಂದು ಹಾಡಬೇಕು, ರಜೆ ಎಷ್ಟು ಎಂಬುದಕ್ಕೆಲ್ಲ ನಿಯಮಗಳನ್ನು ಹಾಕಿಸಿದರು. ಉಸ್ತಾದರುಗಳಿಗೆ ಇದು ಎಷ್ಟು ರುಚಿಸಿತೋ! ಮೌಲಾಬಕ್ಷರಿಗಾದರೋ ಇಂತಹ ದೊರೆಯೇ ಬೇಕಾಗಿತ್ತು.

ಗಾಯನಶಾಲೆಯಲ್ಲಿ ಹಾಡನ್ನು ಕಾಗದದ ಮೇಲೆ ಬರೆದು ಕಲಿಸಲಾಯಿತು. ಇದಕ್ಕಾಗಿ ಮೌಲಾಬಕ್ಷರು ತಮ್ಮದೇ ಸ್ವರಲಿಪಿಯೊಂದನ್ನು ರಚಿಸಿದರು. ಪಾಶ್ಚಾತ್ಯರ ಐದು ಗೆರೆಗಳ ಲಿಪಿಯನ್ನು ತರದೆ, ನಮ್ಮ ಸ ರಿ ಗ ಮ ಅಕ್ಷರಗಳನ್ನೇ ಆಧಾರವಾಗಿಟ್ಟುಕೊಂಡರು. ಗುಜರಾತಿ, ಮರಾಠಿ ಹಾಡುಗಳನ್ನು ಸ್ವರ ಸಮೇತ ಅಚ್ಚು ಹಾಕಿಸಿ ಪಠ್ಯಪುಸ್ತಕಗಳನ್ನು ಹೊರತಂದರು. ಮನೆತನದ ಸಂಬಂಧವಿಲ್ಲದ, ಗುರುವಿನ ಕಾಲೊತ್ತದ, ಸಾಮಾನ್ಯ ಗೃಹಸ್ಥರ ಮಕ್ಕಳು ಪುಸ್ತಕ ಹಿಡಿದು ಸಂಗೀತದ ತರಗತಿಗೆ ಹೋದದ್ದು ನಮ್ಮ ದೇಶದಲ್ಲಿ ಅಪೂರ್ವವಾದ ಸಂಗತಿ. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದದ್ದು ೧೯೦೧ರಲ್ಲಿ. ಬಡೋದೆಯ ಶಾಲೆ ಅದಕ್ಕಿಂತ ಹದಿನೈದು ವರ್ಷ ಹಿರಿದು.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇರಲಿಲ್ಲ. ಸ್ವರವನ್ನು ಬರೆಯಬಹುದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡನ್ನು ಬರೆಯುವುದು ಹೇಗೆ, ಗಮಕವನ್ನು ಬರೆಯುವುದು ಹೇಗೆ ಎಂಬುದು ಖಾನದಾನಿ ಗಾಯಕರ ವಾದ. ಇದನ್ನು ಬರಿಯ ಹೊಟ್ಟೆಕಿಚ್ಚೆಂದು ತಳ್ಳಿಹಾಕುವಂತಿಲ್ಲ. ಪುಸ್ತಕ ನೋಡಿ ತೋಡಿ ಹಾಡಿದವನ ಗಾಂಧಾರವನ್ನು ಕೇಳಿದವರಿಗೆ ಆ ಕಷ್ಟ ಗೊತ್ತು. ಆದರೂ ನನಗೆ ತೋರುವುದು ಇಷ್ಟು: ಲಿಪಿಯಿಂದ ದೊಡ್ಡ ಗಾಯಕನು ಹುಟ್ಟಲಾರನು, ನಿಜ, ಆದರೆ ಮರೆಯಲ್ಲಿ ನಿಂತು ಕದಿಯಬೇಕಾದ ಹುಡುಗನಿಗೆ ಅದರಿಂದ ಒಂದು ಬಾಗಿಲು ತೆರೆಯುತ್ತದೆ. ಅದಲ್ಲದೆ ಶ್ರೋತೃಗಳೂ ಬೇಕಷ್ಟೆ. ನಾಲ್ಕು ವರ್ಷ ಶಾಲೆಯಲ್ಲಿ ಸ್ವರ ಕಲಿತು ಬಿಟ್ಟವನು ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಸರಿಯಾದ ಜಾಗದಲ್ಲಿ ತಲೆದೂಗುತ್ತಾನೆ.

ಮೌಲಾಬಕ್ಷರು ೧೮೯೬ರಲ್ಲಿ ತೀರಿಕೊಂಡರು. ಶಾಲೆಯನ್ನು ಅವರ ಮಗ ಮುರ್ತಜಾ ಖಾನರು ಮುಂದುವರಿಸಿದರು. ಇನ್ನೊಬ್ಬ ಮಗ ಅಲ್ಲಾವುದ್ದೀನ್ ಖಾನರನ್ನು ಸಯಾಜಿರಾಯರು ಲಂಡನ್ನಿಗೆ ಕಳುಹಿಸಿ ಪಾಶ್ಚಾತ್ಯ ಸಂಗೀತವನ್ನು ಕಲಿಸಿದರು. ಆದರೆ ಮೌಲಾಬಕ್ಷರ ಲಿಪಿ ಉಳಿಯಲಿಲ್ಲ. ಮುಂಬಯಿಯ ವಕೀಲ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು ಹಿಂದುಸ್ತಾನಿ ಸಂಗೀತಕ್ಕೆ ಹೊಸ ಶಾಸ್ತ್ರವನ್ನೂ ಹೊಸ ಲಿಪಿಯನ್ನೂ ಕಟ್ಟಿದರು. ೧೯೧೬ರಲ್ಲಿ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ಸೇರಿದ್ದು ಇದೇ ಬಡೋದೆಯಲ್ಲಿ, ಸಯಾಜಿರಾಯರ ಆಶ್ರಯದಲ್ಲಿ, ಭಾತಖಂಡೆಯವರ ಮುಂದಾಳುತನದಲ್ಲಿ. ಅಲ್ಲಿಂದ ಮುಂದೆ ಉತ್ತರದ ಶಾಲೆಗಳಲ್ಲಿ ಹೆಚ್ಚಾಗಿ ನಡೆದದ್ದು ಭಾತಖಂಡೆಯವರ ಪದ್ಧತಿ. ಅವರ ಹತ್ತು ಥಾಟುಗಳ ಯೋಚನೆಗೆ ನಮ್ಮ ಮೇಳಪದ್ಧತಿಯೇ ಮಾದರಿ. ೧೯೦೪ರಲ್ಲಿ ದಕ್ಷಿಣ ಯಾತ್ರೆ ಮಾಡಿ ಅವರು ಅದನ್ನು ಅಭ್ಯಾಸ ಮಾಡಿದ್ದರು. ಹೀಗೆ ನೋಡಿದರೆ ಭಾತಖಂಡೆಯವರು ನಡೆದ ದಾರಿಯಲ್ಲಿ ಸುಮಾರು ನಾಲ್ವತ್ತು ವರ್ಷ ಮೊದಲೇ ಒಬ್ಬ ಉಸ್ತಾದರು ನಡೆದಿದ್ದರು. ಉಸ್ತಾದರೆಂದರೆ ಓದುಬರಹ ಬಾರದವರು, ಶಾಸ್ತ್ರವರಿಯದವರು ಎಂದು ಆಮೇಲೆ ಬರೆದವರು ಬಹಳ ಮಂದಿ. ಮೌಲಾಬಕ್ಷರ ಹೆಸರನ್ನು ಎದುರಿಗಿಟ್ಟುಕೊಂಡು ಆ ಮಾತನ್ನು ಬರೆಯಲು ಸಾಧ್ಯವಿರಲಿಲ್ಲ. ಬಹುಶಃ ಅದಕ್ಕೇ ಹೆಸರು ಮರೆಯಾಯಿತು.

ಹೊರದೇಶದಲ್ಲಿ ಅವರ ಮನೆತನಕ್ಕೆ ಹೆಸರು ಬಂದದ್ದು ಮಗಳ ಮಗನಿಂದ. ಇನಾಯತ್ ಖಾನರು ೧೮೮೨ರ ಜುಲೈ ೫ರಂದು ಬಡೋದೆಯಲ್ಲಿ ಹುಟ್ಟಿ, ತಾತನ ಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದರು. ಅವರು ವೀಣೆ ಹಿಡಿದು ಕೂತ ಭಾವಚಿತ್ರಗಳಲ್ಲಿ ಕಾಣುವುದು ಉತ್ತರದ ರುದ್ರವೀಣೆಯಲ್ಲ, ನಮ್ಮ ಮನೆಗಳ ಸರಸ್ವತಿ ವೀಣೆ. ತಾತನು ದಕ್ಷಿಣದಿಂದ ತಂದ ನಂಟು ಮೊಮ್ಮಗನ ತೊಡೆಯ ಮೇಲಿದೆ. ೧೯೧೦ರಲ್ಲಿ ತಮ್ಮನೊಡನೆಯೂ ಬಂಧುವೊಬ್ಬರೊಡನೆಯೂ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮೊದಲು ಹಾಡುತ್ತ, ಆಮೇಲೆ ಸೂಫಿ ತತ್ತ್ವವನ್ನು ಬೋಧಿಸುತ್ತ, ಯೂರೋಪು ಅಮೆರಿಕಗಳಲ್ಲಿ ದೊಡ್ಡ ಗುರುಗಳಾದರು. ೧೯೨೭ರಲ್ಲಿ ದಿಲ್ಲಿಯಲ್ಲಿ ತೀರಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಆಂಗ್ಲರ ಪರವಾಗಿ ಫ್ರಾನ್ಸಿನಲ್ಲಿ ಗುಪ್ತ ರೇಡಿಯೊ ನಡೆಸಿ, ನಾಜಿಗಳ ಕೈಗೆ ಸಿಕ್ಕಿ ೧೯೪೪ರ ಸೆಪ್ಟೆಂಬರಿನಲ್ಲಿ ದಾಖಾವ್ ಶಿಬಿರದಲ್ಲಿ ಪ್ರಾಣ ಬಿಟ್ಟ ನೂರ್ ಇನಾಯತ್ ಖಾನ್ ಅವರ ಮಗಳು.

ಬಡೋದೆ ಮೈಸೂರುಗಳ ನಡುವೆ ಮೌಲಾಬಕ್ಷರ ನಂತರವೂ ಹೋಗಿಬರುವುದು ನಿಲ್ಲಲಿಲ್ಲ. ವೀಣೆ ಶೇಷಣ್ಣನವರು ಇಲ್ಲಿ ನುಡಿಸಿದಾಗ ಸಯಾಜಿರಾಯರು ಅವರಿಗೆ ಪಲ್ಲಕ್ಕಿಯನ್ನು ಬಹುಮಾನವಾಗಿ ಕೊಟ್ಟರು. ಮೈಸೂರಿನಲ್ಲಿ ಅದರಲ್ಲಿ ಕೂತು ಮೆರೆಯಬೇಕೆಂದು ದೊರೆಗಳು ಹೇಳಿದಾಗ ಶೇಷಣ್ಣನವರು ಪಲ್ಲಕ್ಕಿಯಲ್ಲಿ ವೀಣೆಯನ್ನಿಟ್ಟು ತಾವು ಪಕ್ಕದಲ್ಲಿ ನಡೆದರೆಂದು ಮೈಸೂರಿನ ಹಿರಿಯರು ಹೇಳುತ್ತಾರೆ. ಬಡೋದೆಯ ಆಸ್ಥಾನ ಗಾಯಕರಾಗಿದ್ದ ಫಯ್ಯಾಜ್ ಖಾನರಿಗೆ ‘ಆಫ್ತಾಬೆ ಮೌಸಿಕಿ’, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಬಂದದ್ದು ಮೈಸೂರಿನಿಂದ. ೧೮೯೦ರ ದಶಕದಲ್ಲಿ ಬಡೋದೆಯಲ್ಲಿದ್ದ ಕಿರಾನಾದ ಅಬ್ದುಲ್ ಕರೀಂ ಖಾನರು ಇಲ್ಲಿಂದ ಹೊರಟು ಮಿರಜ, ಹುಬ್ಬಳ್ಳಿ, ಧಾರವಾಡಗಳ ಕಡೆ ಓಡಾಡಿ, ಕುಂದಗೋಳದ ರಾಮಭಾವು ಅವರನ್ನು ಶಿಷ್ಯರನ್ನಾಗಿ ಪಡೆದರು. ಅವರೇ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತದ್ದು ಎಲ್ಲರೂ ಬಲ್ಲ ಸಂಗತಿ. ಖಾನರ ಮಗಳು ಹೀರಾಬಾಯಿಯವರು ಕೊನೆಯವರೆಗೂ ಬಡೋದೇಕರ್ ಎಂದೇ ಕರೆಸಿಕೊಂಡರು. ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಕೃತಿಗಳನ್ನು ಹಾಡಿ ಗ್ರಾಮಫೋನ್ ತಟ್ಟೆಗೂ ಕೊಟ್ಟರು. ಅಹಮದಾಬಾದಿನಲ್ಲಿ ಮೃಣಾಲಿನಿ ಸಾರಾಭಾಯಿಯವರು ೧೯೪೯ರಲ್ಲಿ ‘ದರ್ಪಣ’ವನ್ನು ತೆರೆದ ಮೇಲೆ ಭರತನಾಟ್ಯದೊಡನೆ ಕರ್ನಾಟಕ ಸಂಗೀತವೂ ಅಲ್ಲಿನ ಗುಜರಾತಿ ಮನೆಗಳ ಕಿವಿಗೆ ಬಿತ್ತು.

ಕೊನೆಗೆ ನಮ್ಮ ಮಕ್ಕಳ ಮಾತು. ಸೂರತ್, ಅಹಮದಾಬಾದ್, ವಡೋದರೆಗಳ ಕನ್ನಡ ಮನೆಗಳಲ್ಲಿ ಮಗುವಿಗೆ ಯಾವ ಸಂಗೀತ ಹೇಳಿಸಬೇಕೆಂಬ ಚರ್ಚೆ ಆಗಾಗ ನಡೆಯುತ್ತದೆ. ಅಜ್ಜಿಗೆ ಸರಳೆ ವರಸೆಯೇ ಆಗಬೇಕು. ಹತ್ತಿರದಲ್ಲಿ ಸಿಕ್ಕುವ ಗುರುಗಳು ಹಿಂದುಸ್ತಾನಿಯವರು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಟ್ಟಿತೆಂದು ಭಯಪಡಬೇಕಾಗಿಲ್ಲ. ನಮ್ಮ ಕಲ್ಯಾಣಿಯ ಸ್ವರಗಳೇ ಅಲ್ಲಿನ ಯಮನ್, ಶಂಕರಾಭರಣವೇ ಬಿಲಾವಲ್, ಮಾಯಾಮಾಳವಗೌಳವೇ ಭೈರವ, ಖರಹರಪ್ರಿಯವೇ ಕಾಫಿ. ಹೆಸರು ಕೇಳಿ ಮೋಸಹೋಗುವ ಸ್ಥಳಗಳು ಮಾತ್ರ ಇವೆ. ನಮ್ಮ ತೋಡಿಯ ಸ್ವರಗಳು ಅಲ್ಲಿ ಭೈರವಿ. ಅವರ ತೋಡಿ ನಮಗೆ ಶುಭಪಂತುವರಾಳಿ. ನಮ್ಮ ಹಿಂದೋಳವು ಅಲ್ಲಿ ಮಾಲಕೌಂಸ್. ಅವರು ಹಿಂದೋಲ್ ಎನ್ನುವುದು ಬೇರೆಯೇ ರಾಗ. ಸ್ವರ ಒಂದೇ ಆದ ಮಾತ್ರಕ್ಕೆ ರಾಗವೂ ಒಂದೇ ಎಂದಲ್ಲ. ಕಲ್ಯಾಣಿಯ ಗಮಕವೇ ಬೇರೆ, ಯಮನ್ನಿನ ನಿಲುಗಡೆಯೇ ಬೇರೆ. ಅಜ್ಜಿಯೂ ಮೊಮ್ಮಗಳೂ ಒಂದೇ ತಂಬೂರಿಯ ಶ್ರುತಿಗೆ, ಒಬ್ಬರಾದ ಮೇಲೊಬ್ಬರು, ಅಜ್ಜಿ ಮೋಹನವನ್ನೂ ಮೊಮ್ಮಗಳು ಭೂಪಾಲಿಯನ್ನೂ ಹಾಡಿ ನೋಡಲಿ. ಐದೇ ಸ್ವರಗಳು, ಸ ರಿ ಗ ಪ ದ. ಅಭ್ಯಾಸಕ್ಕೆ ಅದೇ ಎಲ್ಲಕ್ಕಿಂತ ಸುಲಭ.